ಎಆರ್-15 ರೈಫಲ್‌ಗೆ ಒಗ್ಗುವ ತೋಟಾ: ಅತ್ಯಂತ ನಿಖರವಾದ ಫ್ಯಾಕ್ಟರಿ ತೋಟಾವನ್ನು ಹುಡುಕುವ ಬಗೆ

ಅಮೆರಿಕದ ಶೂಟಿಂಗ್ ರೇಂಜ್‌ಗಳಲ್ಲಿ ಹೊಸದಾಗಿ ಎಆರ್-15 ಎಂಬ ಅರೆ-ಸ್ವಯಂಚಾಲಿತ ರೈಫಲ್ ಕೊಂಡವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಇದಕ್ಕೆ ಎಲ್ಲಕ್ಕಿಂತ ನಿಖರವಾದ ತೋಟಾ ಯಾವುದು? ಅಕ್ಕಪಕ್ಕದ ಬೆಂಚುಗಳಲ್ಲಿ ಕುಳಿತವರು ಕೂಡಲೇ ಒಂದೊಂದು ಹೆಸರು ಹೇಳುತ್ತಾರೆ. ಆ ಉತ್ತರಗಳು ಅವರವರ ರೈಫಲ್‌ನ ಮಟ್ಟಿಗೆ ನಿಜವಿರಬಹುದು, ಆದರೆ ನಿಮ್ಮ ರೈಫಲ್‌ನ ಮಟ್ಟಿಗೆ ಅವು ಊಹೆಗಳು ಮಾತ್ರ. ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ನಳಿಗೆಗಳು ಒಂದೇ ಪೆಟ್ಟಿಗೆಯ ತೋಟಾಗಳನ್ನು ಬೇರೆ ಬೇರೆ ಬಗೆಯಲ್ಲಿ ಹಾರಿಸುವುದುಂಟು. ಆದ್ದರಿಂದ ಇಲ್ಲಿ ಹೇಳಹೊರಟಿರುವುದು ಒಂದು ಹೆಸರನ್ನಲ್ಲ. ಆ ಹೆಸರನ್ನು ನೀವೇ ಕಂಡುಕೊಳ್ಳುವ ವಿಧಾನವನ್ನು, ಅದೂ ಕನಿಷ್ಠ ಖರ್ಚಿನಲ್ಲಿ, ಮೋಸಹೋಗದಂತೆ.

ಪದಗಳ ಬಗ್ಗೆ ಒಂದು ಮಾತು. ಕೇಸ್ ಎಂಬ ಲೋಹದ ಕೋಶ, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ಗುಂಡು ಈ ನಾಲ್ಕೂ ಸೇರಿದ ಪೂರ್ತಿ ಕಾರ್ಟ್ರಿಜ್ ಅನ್ನು ನಾನು ತೋಟಾ ಎನ್ನುತ್ತೇನೆ. ನಳಿಗೆಯಿಂದ ಹೊರಗೆ ಹಾರುವ ಭಾಗ ಮಾತ್ರ ಗುಂಡು. ಕೊಡಗಿನಲ್ಲಿ ಬೆಳೆದ ನನಗೆ ಇವು ಮನೆಯ ಮಾತುಗಳು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವಾಗ ಕಾಯಿ ಒಡೆಯಿತೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಇಲ್ಲಿನ ಲೆಕ್ಕ ಬೇರೆ: ಕಾಗದದ ಮೇಲೆ ಬಿದ್ದ ಹತ್ತು ತೂತುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದು. ಆ ಗುಂಪು ಗುರಿಯ ನಡುವೆಯೇ ಬೀಳಬೇಕೆಂದಿಲ್ಲ. ಸ್ಕೋಪ್ ತಿರುಗಿಸಿ ಅದನ್ನು ನಡುವಿಗೆ ತರುವುದು ಎರಡು ನಿಮಿಷದ ಕೆಲಸ. ಗುಂಪನ್ನು ಚಿಕ್ಕದಾಗಿಸುವುದು ಮಾತ್ರ ಸ್ಕೋಪ್‌ನಿಂದ ಆಗುವುದಿಲ್ಲ.

ಇದನ್ನು ಓದುವ ಕನ್ನಡಿಗರಲ್ಲಿ ಅನೇಕರು ಎಚ್-1ಬಿ ವೀಸಾದಲ್ಲಿ ಇರುವವರಾದ್ದರಿಂದ ಕಾನೂನಿನ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ, ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವಂಥ ಕೆಲವು ವಿನಾಯಿತಿಗಳಿಗೆ ಒಳಪಟ್ಟರೆ ಮಾತ್ರ ಸಾಧ್ಯ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಇಲ್ಲ. ಸ್ನೇಹಿತನ ರೈಫಲ್‌ನಿಂದ ಒಂದು ಸಲ ಹೊಡೆದು ನೋಡೋಣ ಎಂದು ಹೋಗುವವರೂ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇದರ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ನಿಯಮಗಳು ಬೇರೆ ಇವೆ.

ನಳಿಗೆಯ ಮೇಲಿನ ಬರಹ

ತೋಟಾ ಕೊಳ್ಳುವ ಮೊದಲು ನಳಿಗೆಯನ್ನು ಓದಬೇಕು. ರೈಫಲ್ ಖಾಲಿಯಾಗಿದೆ ಎಂದು ಖಚಿತಪಡಿಸಿಕೊಂಡು, ನಳಿಗೆಯ ಮೇಲೆ ಕೊರೆದಿರುವ ಅಕ್ಷರಗಳನ್ನು ಹುಡುಕಿ. ಅವು ಕೆಲವು ಸಲ ಮುಂತುದಿಯ ಬಳಿ ಇರುತ್ತವೆ, ಕೆಲವು ಸಲ ನಳಿಗೆಯನ್ನು ಸುತ್ತುವರಿದ ಹಿಡಿಕೆಯಾದ ಹ್ಯಾಂಡ್‌ಗಾರ್ಡ್‌ನ ಒಳಗೆ ಅಡಗಿರುತ್ತವೆ. ಅಲ್ಲಿ ಎರಡು ವಿವರಗಳು ಸಿಗುತ್ತವೆ: ಚೇಂಬರ್, ಅಂದರೆ ತೋಟಾ ಕೂರುವ ಗೂಡು, ಯಾವುದು, ಟ್ವಿಸ್ಟ್ ಎಷ್ಟು.

ಚೇಂಬರ್ .223 ರೆಮಿಂಗ್ಟನ್ ಆಗಿರಬಹುದು, 5.56 ನ್ಯಾಟೋ ಆಗಿರಬಹುದು, ಅಥವಾ .223 ವೈಲ್ಡ್ ಆಗಿರಬಹುದು. ಮೊದಲ ಎರಡು ಬಗೆಯ ತೋಟಾಗಳು ಹೊರನೋಟಕ್ಕೆ ಅವಳಿಗಳಂತಿವೆ. ಆದರೆ 5.56 ತೋಟಾವನ್ನು ಹೆಚ್ಚಿನ ಒತ್ತಡಕ್ಕೆ ತುಂಬಿರುತ್ತಾರೆ, ಮತ್ತು ಆ ಚೇಂಬರ್‌ನಲ್ಲಿ ಗುಂಡಿನ ಮುಂದೆ ನಳಿಗೆಯ ಒಳಗೋಡೆಯ ಸುರುಳಿ ಗೀರುಗಳು ಶುರುವಾಗುವ ಮೊದಲಿನ ಜಾಗ ಹೆಚ್ಚು ಉದ್ದವಾಗಿರುತ್ತದೆ. ಹಾಗಾಗಿ 5.56 ಚೇಂಬರ್‌ನಲ್ಲಿ .223 ತೋಟಾ ಹೊಡೆಯಬಹುದು; .223 ಎಂದಷ್ಟೇ ಬರೆದಿರುವ ಚೇಂಬರ್‌ನಲ್ಲಿ 5.56 ತೋಟಾ ಹೊಡೆಯಬಾರದು, ಏಕೆಂದರೆ ಒತ್ತಡ ಮಿತಿ ಮೀರಬಹುದು. ಬಿಲ್ ವೈಲ್ಡ್ ಎಂಬವರು ರೂಪಿಸಿದ ಮೂರನೆಯ ಚೇಂಬರ್ ಎರಡನ್ನೂ ಸುರಕ್ಷಿತವಾಗಿ ಹಿಡಿಸುತ್ತದೆ, ಗುಂಡನ್ನು ಗೀರಿಗೆ ನೇರವಾಗಿ ಸೇರಿಸುವಲ್ಲೂ ಚೆನ್ನಾಗಿದೆ; ಗುರಿಕಾರಿಕೆಗೆಂದೇ ಮಾರುವ ನಳಿಗೆಗಳಲ್ಲಿ ಇದು ಹೆಚ್ಚಾಗಿ ಕಾಣುವುದು ಅದಕ್ಕೇ.

ಟ್ವಿಸ್ಟ್ ಎಂದರೆ ಗೀರುಗಳ ತಿರುವು. 1:7 ಎಂದಿದ್ದರೆ ಗುಂಡು ಏಳು ಇಂಚು ಸಾಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತದೆ. ಬುಗುರಿ ನಿಲ್ಲಬೇಕಾದರೆ ಹೇಗೆ ಸಾಕಷ್ಟು ತಿರುಗಬೇಕೋ ಹಾಗೆಯೇ ಗುಂಡೂ ಕೂಡ, ಮತ್ತು ಗುಂಡು ಉದ್ದವಾದಷ್ಟೂ ಹೆಚ್ಚು ತಿರುಗಬೇಕು. ತೂಕಕ್ಕಿಂತ ಉದ್ದವೇ ಇಲ್ಲಿ ಮುಖ್ಯ, ಆದರೆ ಒಂದೇ ವ್ಯಾಸದಲ್ಲಿ ತೂಕ ಹೆಚ್ಚಿದರೆ ಉದ್ದವೂ ಹೆಚ್ಚುವುದರಿಂದ ಎಲ್ಲರೂ ಗ್ರೇನ್ ಲೆಕ್ಕದಲ್ಲೇ ಮಾತನಾಡುತ್ತಾರೆ. ಒಂದು ಗ್ರೇನ್ ಸುಮಾರು 0.065 ಗ್ರಾಂ, 55 ಗ್ರೇನ್‌ನ ಗುಂಡು ಮೂರೂವರೆ ಗ್ರಾಂ ತೂಗಿದರೆ 77 ಗ್ರೇನ್‌ನದು ಸರಿಸುಮಾರು ಐದು ಗ್ರಾಂ.

ಸೇನೆಯ ಇತಿಹಾಸದಲ್ಲೇ ಇದಕ್ಕೆ ಉದಾಹರಣೆ ಇದೆ. ವಿಯೆಟ್ನಾಂ ಕಾಲದ ಎಂ16ಎ1 ರೈಫಲ್‌ನ ಟ್ವಿಸ್ಟ್ 1:12, ಅದರ ಎಂ193 ತೋಟಾದ ಗುಂಡು 55 ಗ್ರೇನ್. 1980ರಲ್ಲಿ ನ್ಯಾಟೋ ಬೆಲ್ಜಿಯಂನ ಎಸ್ಎಸ್109 ವಿನ್ಯಾಸವನ್ನು ಒಪ್ಪಿಕೊಂಡ ಮೇಲೆ ಅಮೆರಿಕದಲ್ಲಿ 62 ಗ್ರೇನ್‌ನ ಎಂ855 ಬಂತು, ಎಂ16ಎ2 ರೈಫಲ್‌ನ ಟ್ವಿಸ್ಟ್ 1:7 ಆಯಿತು. ನಿಜ ಹೇಳಬೇಕೆಂದರೆ 62 ಗ್ರೇನ್‌ಗೆ ಅಷ್ಟು ಬಿಗಿ ತಿರುವು ಬೇಕಿರಲಿಲ್ಲ. ಜೊತೆಯಲ್ಲಿ ಬಳಸುವ, ದಾರಿ ಬೆಳಗುತ್ತ ಹೋಗುವ ಟ್ರೇಸರ್ ಗುಂಡು ತುಂಬ ಉದ್ದವಾಗಿದ್ದುದರಿಂದ ಅದು ಬೇಕಾಯಿತು. ಅದರ ಲಾಭ ಈಗ ನಮ್ಮಂಥವರಿಗೆ: 1:7 ಅಥವಾ 1:8 ತಿರುವಿನ ನಳಿಗೆ 77 ಗ್ರೇನ್‌ನ ಗುಂಡನ್ನೂ ನಿರಾಯಾಸವಾಗಿ ಹಿಡಿಯುತ್ತದೆ. 1:9 ಇದ್ದರೆ 69 ಗ್ರೇನ್‌ವರೆಗೆ ಧೈರ್ಯವಾಗಿ ಹೋಗಬಹುದು, ಅದರಾಚೆ ನಳಿಗೆಯನ್ನೇ ಕೇಳಬೇಕು. ತಿರುವು ಸಾಲದಿದ್ದರೆ ಕಾಗದವೇ ಹೇಳುತ್ತದೆ: ದುಂಡಗಿನ ತೂತಿನ ಬದಲು ಬೀಗದ ಕೈ ತೂರುವ ಕಿಂಡಿಯಂತೆ ಉದ್ದನೆಯ ಸೀಳು ಬೀಳುತ್ತದೆ, ಅಂದರೆ ಗುಂಡು ಅಡ್ಡಡ್ಡ ತಿರುಗಿ ಬಡಿದಿದೆ. ಅಂಥ ತೋಟಾವನ್ನು ಆ ಕ್ಷಣವೇ ಪಟ್ಟಿಯಿಂದ ತೆಗೆದುಹಾಕಿ.

ಪರೀಕ್ಷೆಗೆ ಯಾವುದನ್ನು ಕೊಳ್ಳಬೇಕು

ಅಂಗಡಿಯ ಕಪಾಟಿನಲ್ಲಿ ಮೂವತ್ತು ಬಗೆ ಕಂಡರೂ ಐದಕ್ಕಿಂತ ಹೆಚ್ಚು ಕೊಳ್ಳಬೇಡಿ. ಬಗೆಗಳನ್ನು ಹೆಚ್ಚಿಸುವುದಕ್ಕಿಂತ ಪ್ರತಿ ಬಗೆಯಲ್ಲೂ ಹೆಚ್ಚು ಈಡು ಹೊಡೆಯುವುದೇ ಹಣದ ಸದ್ಬಳಕೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 20 ತೋಟಾ ಇರುತ್ತವೆ, ಕೆಲವರದ್ದು 50. 20ರದ್ದಾದರೆ ಎರಡೆರಡು ಪೆಟ್ಟಿಗೆ, ಎರಡರ ಮೇಲೂ ಒಂದೇ ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ತಂಡದ ಗುರುತು) ಇರುವುದನ್ನು ನೋಡಿಕೊಂಡು ಕೊಳ್ಳಿ.

ಗುಂಡಿನ ಒಳರಚನೆ ತಿಳಿದಿದ್ದರೆ ಆಯ್ಕೆ ಸುಲಭ. ಅಗ್ಗದ ಎಫ್‌ಎಂಜೆ (ಫುಲ್ ಮೆಟಲ್ ಜಾಕೆಟ್) ಗುಂಡಿನಲ್ಲಿ ತಾಮ್ರದ ಹೊದಿಕೆ ಮುಂತುದಿಯಲ್ಲಿ ಮುಚ್ಚಿರುತ್ತದೆ, ಸೀಸವನ್ನು ಹಿಂಬದಿಯಿಂದ ಸೇರಿಸಿರುತ್ತಾರೆ. ಹೀಗಾಗಿ ಗುಂಡಿನ ಬುಡ ತೆರೆದಿರುತ್ತದೆ, ಒಂದರಿಂದ ಒಂದಕ್ಕೆ ಅಷ್ಟಿಷ್ಟು ಬದಲಾಗುತ್ತದೆ. ಸ್ಪರ್ಧೆಗೆಂದು ಮಾಡುವ ಮ್ಯಾಚ್ ಗುಂಡಿನಲ್ಲಿ ಇದು ತಲೆಕೆಳಗು: ಬುಡ ಪೂರ್ತಿ ಮುಚ್ಚಿ ನುಣುಪಾಗಿರುತ್ತದೆ, ಹೊದಿಕೆಯನ್ನು ಮುಂದಕ್ಕೆ ಎಳೆದು ಚೂಪು ಮಾಡಿದಾಗ ಉಳಿದ ಪುಟ್ಟ ತೂತು ಮೂತಿಯಲ್ಲಿರುತ್ತದೆ. ಗುಂಡು ನಳಿಗೆಯಿಂದ ಬಿಡುವ ಕ್ಷಣದಲ್ಲಿ ಹಿಂದಿನಿಂದ ಬರುವ ಅನಿಲ ಕೊನೆಯದಾಗಿ ತಳ್ಳುವುದು ಆ ಬುಡವನ್ನೇ. ಬುಡ ಓರೆಯಾಗಿದ್ದರೆ ತಳ್ಳಿಕೆಯೂ ಓರೆ. ಮೂತಿ ಸ್ವಲ್ಪ ಜಜ್ಜಿದ್ದರೂ ಅಷ್ಟು ನಷ್ಟವಿಲ್ಲ, ಬುಡ ಕೆಟ್ಟರೆ ಗುಂಪು ಕೆಟ್ಟಂತೆಯೇ.

1:7 ಅಥವಾ 1:8 ನಳಿಗೆಗೆ ನಾನು ಸೂಚಿಸುವ ಐದು ಇವು. ಹೋಲಿಕೆಯ ಅಳತೆಗೋಲಾಗಿ ಯಾವುದಾದರೂ 55 ಗ್ರೇನ್ ಎಫ್‌ಎಂಜೆ, ನೀವು ಮಾಮೂಲಿ ಅಭ್ಯಾಸಕ್ಕೆ ಬಳಸುವಂಥದ್ದೇ ಇರಲಿ. ಸಿಯೆರಾ ಮ್ಯಾಚ್‌ಕಿಂಗ್ ಗುಂಡಿನ 69 ಗ್ರೇನ್ ಫೆಡರಲ್ ಗೋಲ್ಡ್ ಮೆಡಲ್. ಅದೇ ಮ್ಯಾಚ್‌ಕಿಂಗ್‌ನ 77 ಗ್ರೇನ್ ಗುಂಡು ಹೊತ್ತ ಬ್ಲ್ಯಾಕ್ ಹಿಲ್ಸ್. ಅಮೆರಿಕ ಸೇನೆಯ ವಿಶೇಷ ಪಡೆಗಳು ಬಳಸುವ ಎಂಕೆ 262 ತೋಟಾವನ್ನು ತಯಾರಿಸುವುದು ಸೌತ್ ಡಕೋಟಾದ ಈ ಕಂಪನಿಯೇ. ಹಾರ್ನಡಿಯ 75 ಗ್ರೇನ್ ಮ್ಯಾಚ್ ಅಥವಾ 73 ಗ್ರೇನ್ ಇಎಲ್‌ಡಿ. ಐದನೆಯದಾಗಿ, ಹೊಲ ಹಾಳುಮಾಡುವ ಸಣ್ಣ ಪ್ರಾಣಿಗಳ ಬೇಟೆಗೆಂದು ಮಾರುವ, ಪ್ಲಾಸ್ಟಿಕ್ ಮೂತಿಯ 55 ಗ್ರೇನ್ ವಿ-ಮ್ಯಾಕ್ಸ್‌ನಂಥದ್ದು; ಗುರಿಕಾರರು ಇದನ್ನು ಮರೆತೇಬಿಡುತ್ತಾರೆ, ಆದರೆ ನೂರು ಗಜದಲ್ಲಿ ಇಂಥ ತೋಟಾ ದುಬಾರಿ ಮ್ಯಾಚ್ ತೋಟಾವನ್ನು ಸರಿಗಟ್ಟುವುದು ಅಪರೂಪವೇನಲ್ಲ. ನಳಿಗೆ 1:9 ಆಗಿದ್ದರೆ 73ರಿಂದ 77 ಗ್ರೇನ್‌ನವುಗಳಲ್ಲಿ ಒಂದನ್ನು ಮಾತ್ರ ಕೌತುಕಕ್ಕಾಗಿ ಇಟ್ಟುಕೊಂಡು, ಆ ಜಾಗದಲ್ಲಿ ಇನ್ನೊಂದು ತಯಾರಕರ 69 ಗ್ರೇನ್ ಸೇರಿಸಿ.

ಹಸಿರು ಮೂತಿಯ ಎಂ855 ತೋಟಾವನ್ನು ನಾನು ಪಟ್ಟಿಗೆ ಸೇರಿಸುವುದಿಲ್ಲ. ಗುಂಡಿನೊಳಗೆ ಉಕ್ಕಿನ ತುದಿ, ಅದರ ಹಿಂದೆ ಸೀಸ, ಸುತ್ತ ಹೊದಿಕೆ, ಹೀಗೆ ಮೂರು ಭಾಗಗಳು ಒಂದೇ ಅಚ್ಚಿನ ಸುತ್ತ ಕೂರಬೇಕಾದ್ದರಿಂದ ಅದು ನಿಖರತೆಗೆ ಹೇಳಿ ಮಾಡಿಸಿದ್ದಲ್ಲ. ಸಾಲದ್ದಕ್ಕೆ ಅನೇಕ ಒಳಾಂಗಣ ರೇಂಜ್‌ಗಳಲ್ಲಿ ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡುತ್ತಾರೆ, ಅಂಟಿಕೊಂಡರೆ ಒಳಗೆ ಬಿಡುವುದಿಲ್ಲ.

ಬೆಂಚಿನ ಮೇಲೆ

ನೂರು ಗಜ, ಅಂದರೆ 91 ಮೀಟರ್ ಚಿಲ್ಲರೆ, ಈ ಪರೀಕ್ಷೆಗೆ ಸಾಕು. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ. ಹತ್ತು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಹಿಗ್ಗಿಸುವ ಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಕಣ್ಣಿನ ತಪ್ಪು ತೋಟಾದ ತಲೆಯ ಮೇಲೆ ಬೀಳುತ್ತದೆ.

ಮುಂದೆ ಮರಳಿನ ಚೀಲ ಹ್ಯಾಂಡ್‌ಗಾರ್ಡ್‌ನ ಕೆಳಗೆ, ಪ್ರತಿ ಸಲವೂ ಅದೇ ಜಾಗದಲ್ಲಿ ಇರಬೇಕು. ಹಿಂದೆ ಬಟ್‌ನ ಕೆಳಗೆ ಚಿಕ್ಕ ಚೀಲ, ಅದನ್ನು ಎಡಗೈಯಲ್ಲಿ ಹಿಸುಕಿ ಎತ್ತರ ಸರಿಪಡಿಸಿಕೊಳ್ಳಬೇಕು. ನಳಿಗೆಗೆ ನೇರವಾಗಿ ಏನೂ ತಾಗಬಾರದು. ಮೂವತ್ತು ತೋಟಾದ ಉದ್ದನೆಯ ಮ್ಯಾಗಝೀನ್ ಬೆಂಚಿಗೆ ತಾಗಿ ರೈಫಲ್ ಅನ್ನು ಎತ್ತಿಹಿಡಿಯುತ್ತದೆ, ಆದ್ದರಿಂದ ಐದು ಅಥವಾ ಹತ್ತರ ಗಿಡ್ಡ ಮ್ಯಾಗಝೀನ್ ಬೇಕು. ನಳಿಗೆಯ ತುದಿಯಲ್ಲಿ ಹಿನ್ನೂಕು ತಗ್ಗಿಸುವ ಬ್ರೇಕ್ ಅಥವಾ ಸದ್ದು ತಗ್ಗಿಸುವ ಸಪ್ರೆಸರ್ ಹಾಕುವ ರೂಢಿಯಿದ್ದರೆ ಅದರೊಂದಿಗೇ ಪರೀಕ್ಷಿಸಿ, ನಡುವೆ ತೆಗೆಯುವುದು ಹಾಕುವುದು ಮಾಡಬೇಡಿ. ಕಾರ್ಖಾನೆಯಿಂದ ಬಂದ ಮಾಮೂಲಿ ಟ್ರಿಗರ್ ಆರೇಳು ಪೌಂಡ್ ಭಾರವಿದ್ದು ಗರಗರ ಎನ್ನುತ್ತಿದ್ದರೆ, ಮ್ಯಾಚ್ ತೋಟಾದ ಮೇಲೆ ಸುರಿಯುವ ಹಣದಲ್ಲಿ ಮೊದಲು ಒಂದು ಒಳ್ಳೆಯ ಎರಡು ಹಂತದ ಟ್ರಿಗರ್ ಹಾಕಿಸುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಈಗ ಅರೆ-ಸ್ವಯಂಚಾಲಿತ ರೈಫಲ್‌ನದ್ದೇ ಆದ ತಕರಾರುಗಳಿಗೆ ಬರೋಣ. ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ತೋಟಾವನ್ನು ಕೈಯಿಂದ ಮೆಲ್ಲಗೆ ದೂಡುತ್ತೇವೆ. ಇಲ್ಲಿ ಸ್ಪ್ರಿಂಗ್‌ನ ಬಲದಿಂದ ಬೋಲ್ಟ್ ಅದನ್ನು ಮ್ಯಾಗಝೀನ್‌ನಿಂದ ಕಿತ್ತು, ಇಳಿಜಾರಿಗೆ ಉಜ್ಜಿ, ಚೇಂಬರ್‌ಗೆ ಬಡಿಯುತ್ತದೆ. ಕೇಸ್‌ನ ಕತ್ತು ಗುಂಡನ್ನು ಬಿಗಿಯಾಗಿ ಹಿಡಿದಿರದಿದ್ದರೆ ಈ ಬಡಿತಕ್ಕೆ ಗುಂಡು ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಇದನ್ನು ಪರೀಕ್ಷಿಸಲು ಒಂದು ಕ್ಯಾಲಿಪರ್ ಸಾಕು. ರೇಂಜಿನಲ್ಲೇ, ನಳಿಗೆ ಗುರಿಯ ದಿಕ್ಕಿಗಿದ್ದು ಬೆರಳು ಟ್ರಿಗರ್‌ನಿಂದ ದೂರವಿರುವಾಗ, ಒಂದು ತೋಟಾದ ಪೂರ್ತಿ ಉದ್ದ ಅಳೆದುಕೊಂಡು ಮ್ಯಾಗಝೀನ್‌ಗೆ ತುಂಬಿ, ಬೋಲ್ಟ್ ಅನ್ನು ತಾನಾಗಿ ಮುಂದಕ್ಕೆ ಹೋಗಲು ಬಿಡಿ. ಆಮೇಲೆ ಹೊಡೆಯದೆ ಹೊರತೆಗೆದು ಮತ್ತೆ ಅಳೆಯಿರಿ. ಇಂಚಿನ ಒಂದೆರಡು ಸಾವಿರಾಂಶದ ವ್ಯತ್ಯಾಸ ಲೆಕ್ಕಕ್ಕಿಲ್ಲ. ಒಂದು ತೋಟಾ ಹತ್ತು ಸಾವಿರಾಂಶ ಉದ್ದವಾಗಿ, ಇನ್ನೊಂದು ಐದು ಸಾವಿರಾಂಶ ಗಿಡ್ಡವಾಗಿ ಹೊರಬಂದರೆ ಆ ಬಗೆಯಿಂದ ಸಮನಾದ ಗುಂಪನ್ನು ನಿರೀಕ್ಷಿಸಬೇಡಿ. ಹೊರತೆಗೆದ ತೋಟಾದ ಪ್ರೈಮರ್ ಮೇಲೆ ಸೂಜಿಯ ಮೊನೆ ತಾಗಿದಂಥ ಸಣ್ಣ ಗುಳಿ ಕಂಡರೆ ಗಾಬರಿಯಾಗಬೇಕಿಲ್ಲ. ಈ ರೈಫಲ್‌ನ ಫೈರಿಂಗ್ ಪಿನ್ ಸಡಿಲವಾಗಿ ತೇಲುವುದರಿಂದ ಹಾಗಾಗುತ್ತದೆ. ಆದರೆ ಅದೇ ತೋಟಾವನ್ನು ಮತ್ತೆ ಮತ್ತೆ ಚೇಂಬರ್‌ಗೆ ಹಾಕಬಾರದು.

ಇನ್ನೊಂದು ತಕರಾರು ಮೊದಲ ಈಡಿನದು. ಮೊದಲ ತೋಟಾವನ್ನು ಒಳಗೆ ಕಳುಹಿಸುವುದು ನಮ್ಮ ಕೈ, ಉಳಿದವನ್ನು ಹಿಂದಿನ ಈಡಿನ ಅನಿಲ. ಬೋಲ್ಟ್ ಕೂರುವ ಬಗೆಯಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಕೆಲವು ರೈಫಲ್‌ಗಳಲ್ಲಿ ಮೊದಲ ಗುಂಡು ಗುಂಪಿನಿಂದ ದೂರ ಹೋಗಿ ಬೀಳುತ್ತದೆ. ಬೋಲ್ಟ್ ಹಿಡಿಕೆಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಮುಂದಕ್ಕೆ ಬಿಟ್ಟರಂತೂ ಇದು ಹೆಚ್ಚುತ್ತದೆ. ಯಾವಾಗಲೂ ಬೋಲ್ಟ್ ರಿಲೀಸ್ ಗುಂಡಿಯನ್ನೇ ಒತ್ತಿ, ಮತ್ತು ಪ್ರತಿ ಮ್ಯಾಗಝೀನ್‌ನ ಮೊದಲ ತೂತು ಯಾವುದೆಂದು ಟಾರ್ಗೆಟ್ ಮೇಲೆ ಗುರುತು ಹಾಕಿಕೊಳ್ಳಿ. ನಾಲ್ಕು ಗುಂಪುಗಳಲ್ಲಿ ನಾಲ್ಕೂ ಸಲ ಮೊದಲ ತೂತೇ ಹೊರಗಿದ್ದರೆ ಅದು ರೈಫಲ್‌ನ ಗುಣ, ತೋಟಾದ ದೋಷವಲ್ಲ.

ತೋಟಾ ಬದಲಿಸಿದ ಕೂಡಲೇ ಗುಂಪು ಹೊಡೆಯಬೇಡಿ. ಹಿಂದಿನ ತೋಟಾದ ಮದ್ದಿನ ಮಸಿ, ತಾಮ್ರ ನಳಿಗೆಯಲ್ಲಿ ಉಳಿದಿರುತ್ತದೆ. ಹೊಸದರ ಐದು ಈಡುಗಳನ್ನು ಪಕ್ಕದ ಗುಡ್ಡೆಗೋ ಬೇರೆ ಕಾಗದಕ್ಕೋ ಹೊಡೆದು ನಳಿಗೆಯನ್ನು ಅದಕ್ಕೆ ಒಗ್ಗಿಸಿ. ಆಮೇಲೆ ಹತ್ತು ಈಡು, ಅರ್ಧ ನಿಮಿಷಕ್ಕೊಂದರಂತೆ, ಒಂದೇ ಚುಕ್ಕಿಗೆ. ಬಿಸಿಯಾದ ಚೇಂಬರ್‌ನಲ್ಲಿ ತೋಟಾವನ್ನು ಕೂರಿಸಿಟ್ಟುಕೊಂಡು ಪಕ್ಕದವರೊಂದಿಗೆ ಮಾತಿಗೆ ಇಳಿಯಬೇಡಿ: ಮದ್ದು ಕಾದರೆ ವೇಗ ಏರುತ್ತದೆ, ಆ ಗುಂಡು ಮೇಲೆ ಹೋಗುತ್ತದೆ. ಗುಂಪಿನಿಂದ ಗುಂಪಿಗೆ ನಡುವೆ, ನಳಿಗೆಯನ್ನು ಬರಿಗೈಯಲ್ಲಿ ಆರಾಮವಾಗಿ ಹಿಡಿಯುವಷ್ಟು ತಣಿಯಲು ಬಿಡಬೇಕು. ತೆಳು ನಳಿಗೆ ಬಿಸಿಯಾದಂತೆ ತೂತುಗಳು ಒಂದು ದಿಕ್ಕಿಗೆ ಸಾಲುಗಟ್ಟುವುದನ್ನು ನೋಡಿದವರಿಗೆ ಈ ಕಾಯುವಿಕೆಯ ಬೆಲೆ ಗೊತ್ತು. ಐದು ಬಗೆಗೆ ಒಂದು ಬೆಳಗು ಪೂರ್ತಿ ಹಿಡಿಯುತ್ತದೆ. ಫ್ಲಾಸ್ಕ್‌ನಲ್ಲಿ ಕಾಫಿ ಒಯ್ಯಿರಿ.

ಹೊಡೆಯುವಾಗ ಕಿವಿ ಮತ್ತು ಕಣ್ಣು ಕೇಸ್‌ಗಳ ಕಡೆಗೂ ಇರಲಿ. ಶಬ್ದ ಡಬ್ಬೆಂದು ಮೆತ್ತಗೆ ಬಂದು ಬೋಲ್ಟ್ ಹಿಂದಕ್ಕೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ಎಂದು ನೋಡದೆ ಇನ್ನೊಂದು ಈಡು ಹೊಡೆಯಲೇಬಾರದು. ಪ್ರೈಮರ್ ಚಪ್ಪಟೆಯಾಗಿ ಹರಡಿದ್ದರೆ ಅಥವಾ ಕಳಚಿ ಬಿದ್ದಿದ್ದರೆ ಆ ತೋಟಾ ನಿಮ್ಮ ರೈಫಲ್‌ಗೆ ಹೆಚ್ಚಿನ ಒತ್ತಡದ್ದು. ಕೊನೆಯ ಈಡಿನ ನಂತರ ಬೋಲ್ಟ್ ಹಿಂದೆಯೇ ನಿಲ್ಲುತ್ತಿಲ್ಲ, ನಡುವೆ ತೋಟಾ ಸಿಕ್ಕಿಕೊಳ್ಳುತ್ತಿದೆ ಎಂದಾದರೆ, ಗುಂಪು ಎಷ್ಟೇ ಚಿಕ್ಕದಿರಲಿ, ಅರೆ-ಸ್ವಯಂಚಾಲಿತ ರೈಫಲ್‌ಗೆ ಆ ತೋಟಾ ಕೆಲಸದ್ದಲ್ಲ.

ತೂತುಗಳನ್ನು ಎಣಿಸುವ ಲೆಕ್ಕ

ಜನ ಎಡವುವುದು ಹೊಡೆಯುವುದರಲ್ಲಿ ಅಲ್ಲ, ಎಣಿಸುವುದರಲ್ಲಿ. ಮೊದಲ ವರ್ಷ ನಾನೂ ಎಡವಿದೆ. ಒಂದು ತೋಟಾದಿಂದ ಮೂರು ಈಡು ಹೊಡೆದೆ. ಮೂರೂ ಒಂದನ್ನೊಂದು ಕಚ್ಚಿಕೊಂಡು ಮೂರೆಲೆಯ ಸೊಪ್ಪಿನಂತೆ ಬಿದ್ದವು, ಅರ್ಧ ಇಂಚು. ಆ ಕಾಗದದ ತುಂಡನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸಿದೆ, ಅದೇ ತೋಟಾವನ್ನು ಐನೂರು ತರಿಸಿದೆ. ಮುಂದಿನ ಆರು ತಿಂಗಳಲ್ಲಿ ಆ ಐನೂರರಲ್ಲಿ ಇನ್ನೊಂದು ಅಂಥ ಗುಂಪು ಬೀಳಲಿಲ್ಲ. ಎರಡು ಇಂಚು, ಎರಡೂವರೆ ಇಂಚು, ಅದೇ ಅದರ ನಿಜವಾದ ಅಳತೆಯಾಗಿತ್ತು. ತಯಾರಕರ ತಪ್ಪೇನೂ ಇರಲಿಲ್ಲ, ಮೂರು ಈಡುಗಳಿಂದ ತೀರ್ಮಾನಕ್ಕೆ ಬಂದದ್ದು ನಾನು.

ಇದರ ಹಿಂದಿನ ಗಣಿತ ಸರಳ. ಒಂದೇ ರೈಫಲ್, ಒಂದೇ ತೋಟಾ ಇದ್ದರೂ ಈಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ಹಿಗ್ಗುತ್ತದೆ, ಏಕೆಂದರೆ ದೂರ ಹೋಗುವ ಗುಂಡಿಗೆ ಹೆಚ್ಚು ಅವಕಾಶ ಸಿಗುತ್ತದೆ. ಮೂರು ಈಡಿನ ಗುಂಪುಗಳ ಸರಾಸರಿ ಒಂದು ಇಂಚು ಇದ್ದರೆ, ಅದೇ ಜೋಡಿಯ ಐದು ಈಡಿನ ಸರಾಸರಿ ಸುಮಾರು 1.27 ಇಂಚು, ಹತ್ತು ಈಡಿನದು ಸುಮಾರು 1.58 ಇಂಚು ಇರುತ್ತದೆ. ಒಬ್ಬರ ಮೂರು ಈಡಿನ ಗುಂಪನ್ನು ಇನ್ನೊಬ್ಬರ ಹತ್ತು ಈಡಿನ ಗುಂಪಿನೊಂದಿಗೆ ಹೋಲಿಸುವುದು ಸೇರನ್ನೂ ಲೀಟರನ್ನೂ ಒಂದೇ ಎಂದು ಅಳೆದಂತೆ. ಜೊತೆಗೆ, ಚಿಕ್ಕ ಗುಂಪುಗಳು ಒಂದರಿಂದ ಒಂದಕ್ಕೆ ವಿಪರೀತ ಏರಿಳಿಯುತ್ತವೆ. ಏನೂ ಬದಲಿಸದೆ ಹೊಡೆದರೂ ಒಂದು ಐದು ಈಡಿನ ಗುಂಪು ಒಂದಿಂಚಿಗೆ, ಮುಂದಿನದು ಒಂದೂಮುಕ್ಕಾಲು ಇಂಚಿಗೆ ಬೀಳಬಹುದು. ಅದರಿಂದ ತೋಟಾದ ಬಗ್ಗೆ ಏನೂ ತಿಳಿದಂತಾಗುವುದಿಲ್ಲ.

ಅಳೆಯುವ ಕ್ರಮ ಹೀಗೆ. ಅತ್ಯಂತ ದೂರದ ಎರಡು ತೂತುಗಳ ಹೊರಅಂಚಿನಿಂದ ಹೊರಅಂಚಿಗೆ ಅಳೆದು, ಅದರಿಂದ ಗುಂಡಿನ ವ್ಯಾಸ 0.224 ಇಂಚನ್ನು ಕಳೆಯಿರಿ. ಉಳಿದದ್ದು ನಡುವಿನಿಂದ ನಡುವಿನ ದೂರ. ಕಾಗದ ಹರಿದು ತೂತು ಕಿರಿದಾಗಿ ಕಂಡರೆ ಸುತ್ತಲಿನ ಕಪ್ಪು ಮಸಿಯ ಉಂಗುರವನ್ನೇ ಅಂಚೆಂದು ಹಿಡಿಯಿರಿ. ಕೋನದ ಲೆಕ್ಕ ಬೇಕಿದ್ದರೆ, ನೂರು ಗಜದಲ್ಲಿ ಒಂದು ಎಂಒಎ (ಡಿಗ್ರಿಯ ಅರವತ್ತನೆಯ ಒಂದು ಭಾಗ) ಎಂದರೆ 1.047 ಇಂಚು.

ಆದರೆ ಈ ಅಳತೆ ಹತ್ತು ತೂತುಗಳಲ್ಲಿ ಎರಡನ್ನು ಮಾತ್ರ ನೋಡುತ್ತದೆ, ಎಂಟನ್ನು ಗಣಿಸುವುದೇ ಇಲ್ಲ. ಹಾಗಾಗಿ ನಾನು ಸರಾಸರಿ ತ್ರಿಜ್ಯವನ್ನೇ ನಂಬುತ್ತೇನೆ: ಹತ್ತು ತೂತುಗಳ ನಡುಬಿಂದು ಕಂಡುಹಿಡಿದು, ಅಲ್ಲಿಂದ ಪ್ರತಿ ತೂತಿಗೆ ಇರುವ ದೂರವನ್ನು ಅಳೆದು, ಎಲ್ಲವನ್ನೂ ಕೂಡಿಸಿ, ಹತ್ತರಿಂದ ಭಾಗಿಸುವುದು. ಕೈಯಲ್ಲಿ ಮಾಡಿದರೆ ಕಾಲು ಗಂಟೆ. ಬ್ಯಾಲಿಸ್ಟಿಕ್-ಎಕ್ಸ್‌ನಂಥ ಮೊಬೈಲ್ ಆ್ಯಪ್‌ನಲ್ಲಿ ಟಾರ್ಗೆಟ್‌ನ ಫೋಟೋ ತೆಗೆದು ತೂತುಗಳ ಮೇಲೆ ಬೆರಳಿಟ್ಟರೆ ಅದೇ ಲೆಕ್ಕ ಹಾಕಿಕೊಡುತ್ತದೆ. ಕೈ ಅಲುಗಿತು ಎಂದು ಟ್ರಿಗರ್ ಎಳೆದ ಕ್ಷಣವೇ ಹೇಳಿ ಬರೆದುಕೊಂಡ ಈಡನ್ನು ಬಿಡಬಹುದು. ಕಾಗದ ನೋಡಿದ ಮೇಲೆ ನೆನಪಾದ ಅಲುಗಾಟಕ್ಕೆ ಮನ್ನಣೆ ಇಲ್ಲ.

ನನ್ನ ಪುಸ್ತಕದ ಒಂದು ಪುಟವನ್ನು ಇಲ್ಲಿ ತೆರೆದಿಡುತ್ತೇನೆ. ಒಂದೇ ಬೆಳಗಿನ ಎರಡು ಮ್ಯಾಚ್ ತೋಟಾಗಳು. ಹೆಸರು ಬೇಡ, ಏಕೆಂದರೆ ನಿಮ್ಮ ನಳಿಗೆಯಲ್ಲಿ ಫಲಿತಾಂಶ ತಿರುಗುಮುರುಗಾಗಬಹುದು. ಮೊದಲನೆಯದು ಐದನೆಯ ಈಡಿನ ಹೊತ್ತಿಗೆ 0.8 ಇಂಚಿನಲ್ಲಿತ್ತು, ಎರಡನೆಯದು 1.2. ಅಲ್ಲಿಗೆ ನಿಲ್ಲಿಸಿದ್ದರೆ ಮೊದಲನೆಯದೇ ಗೆದ್ದಂತೆ. ಹತ್ತು ಪೂರೈಸಿದಾಗ ಮೊದಲನೆಯದು 2.1ಕ್ಕೆ ಹರಡಿತು, ಎರಡನೆಯದು 1.4ಕ್ಕೆ ನಿಂತಿತು. ಸರಾಸರಿ ತ್ರಿಜ್ಯ ಕ್ರಮವಾಗಿ 0.66 ಮತ್ತು 0.45. ಇಷ್ಟು ಅಂತರವಿದ್ದರೆ ತೀರ್ಪಿಗೆ ಬೆಲೆಯಿದೆ. ಹತ್ತು ಈಡುಗಳ ಎರಡು ಗುಂಪುಗಳ ತ್ರಿಜ್ಯದಲ್ಲಿ ಕಾಲು ಭಾಗಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಮಾತ್ರ ಅದು ಅದೃಷ್ಟದ ಆಟವೂ ಆಗಿರಬಹುದೆಂದು ತಿಳಿದು, ಎರಡನ್ನೂ ಮುಂದಿನ ಸುತ್ತಿಗೆ ಒಯ್ಯಿರಿ.

ಆ ಮುಂದಿನ ಸುತ್ತು ಬೇರೆ ದಿನ ಇರಲಿ. ಮೊದಲ ದಿನ ಹಿಂದೆಬಿದ್ದ ಮೂರನ್ನು ಬಿಟ್ಟು, ಉಳಿದ ಎರಡನ್ನು ಮಾತ್ರ, ಮೊದಲು ಹೊಡೆದದ್ದನ್ನು ಈಗ ಕೊನೆಗೆ ಹೊಡೆಯುವಂತೆ ಸರದಿ ಬದಲಿಸಿ, ಮತ್ತೆ ಹತ್ತು ಹತ್ತು. ಆಗ ದಣಿವು, ಗಾಳಿ, ಬಿಸಿಲು ಒಂದರ ಪಾಲಿಗೇ ಬೀಳುವುದು ತಪ್ಪುತ್ತದೆ. ಎರಡು ದಿನದ ಇಪ್ಪತ್ತು ತೂತುಗಳ ಸರಾಸರಿ ತ್ರಿಜ್ಯ ಯಾವುದಕ್ಕೆ ಕಡಿಮೆಯೋ ಅದೇ ನಿಮ್ಮ ರೈಫಲ್‌ನ ತೋಟಾ. ಎರಡೂ ಸಮ ಎನಿಸಿದರೆ ಅಗ್ಗದ್ದನ್ನು ಕೊಳ್ಳಿ.

ಎಷ್ಟು ನಿರೀಕ್ಷಿಸಬೇಕು? ಮಾಮೂಲಿ ನಳಿಗೆಯ ಎಆರ್-15, ಮ್ಯಾಚ್ ತೋಟಾದಲ್ಲಿ ಹತ್ತು ಈಡುಗಳನ್ನು ಒಂದೂವರೆಯಿಂದ ಎರಡು ಇಂಚಿನೊಳಗೆ ಇಟ್ಟರೆ ತೃಪ್ತಿಪಡಬಹುದು. ಅದೇ ರೈಫಲ್ ಅಗ್ಗದ ಎಫ್‌ಎಂಜೆಯಲ್ಲಿ ಮೂರು ಇಂಚಿಗೆ ಹರಡಿದರೆ ಆಶ್ಚರ್ಯವಿಲ್ಲ. ಐದು ಬಗೆಯೂ ಮೂರು ಇಂಚು ದಾಟಿದರೆ ಆರನೆಯದನ್ನು ಹುಡುಕುವುದು ವ್ಯರ್ಥ. ಸ್ಕೋಪ್‌ನ ತಿರುಪುಗಳು, ಹ್ಯಾಂಡ್‌ಗಾರ್ಡ್, ನಳಿಗೆಯ ತುದಿಯ ಅಂಚು, ಕೊನೆಗೆ ನಿಮ್ಮ ಭುಜ, ಈ ಕ್ರಮದಲ್ಲಿ ಪರಿಶೀಲಿಸಿ.

ದೂರದ ಗುರಿ ಇರುವವರಿಗೆ

ನೂರರಿಂದ ಇನ್ನೂರು ಗಜದೊಳಗೆ ಹೊಡೆಯುವವರಿಗೆ ಇಷ್ಟು ಸಾಕು. ಓಹಾಯೋದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಗಳಂತೆ 200, 300, 600 ಗಜಗಳ ಸರ್ವಿಸ್ ರೈಫಲ್ ಸ್ಪರ್ಧೆಗೆ ಇಳಿಯುವವರು ಗುಂಡಿನ ವೇಗವನ್ನೂ ಅಳೆಯಬೇಕು. ಪೆಟ್ಟಿಗೆಯ ಮೇಲೆ ಬರೆದ ವೇಗ ಅವರ ಪರೀಕ್ಷಾ ನಳಿಗೆಯದು. ಹದಿನಾರು ಇಂಚಿನ ನಿಮ್ಮ ನಳಿಗೆಯಲ್ಲಿ ಅದು ಕಡಿಮೆಯೇ ಬರುತ್ತದೆ. ಸರಾಸರಿಗಿಂತ ಏರಿಳಿತ ಮುಖ್ಯ. ಎರಡು ಈಡುಗಳ ನಡುವೆ ಸೆಕೆಂಡಿಗೆ 50 ಅಡಿ ವ್ಯತ್ಯಾಸವಿದ್ದರೆ ನೂರು ಗಜದಲ್ಲಿ ಅದು ಇಂಚಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ಮೇಲೆ ಕೆಳಗೆ ಮಾಡುತ್ತದೆ, ಕಣ್ಣಿಗೇ ಕಾಣುವುದಿಲ್ಲ. ಆರುನೂರು ಗಜದಲ್ಲಿ ಅದೇ ವ್ಯತ್ಯಾಸ ಐದು ಇಂಚನ್ನು ಮೀರುತ್ತದೆ. ಗಾಳಿಯನ್ನು ಸೀಳುವುದರಲ್ಲಿ 77 ಗ್ರೇನ್ ಗುಂಡು 55ಕ್ಕಿಂತ ಬಹಳ ಮುಂದಿರುವುದರಿಂದ, ನೂರು ಗಜದಲ್ಲಿ ಸೋತ ಭಾರದ ಗುಂಡು ಆರುನೂರರಲ್ಲಿ ಗೆಲ್ಲುವುದೂ ಉಂಟು. ಸ್ಪರ್ಧಿಗಳು ತಾವೇ ತುಂಬಿಕೊಳ್ಳುವ 80 ಗ್ರೇನ್‌ನ ಉದ್ದ ತೋಟಾಗಳು ಮ್ಯಾಗಝೀನ್‌ನಲ್ಲಿ ಹಿಡಿಯುವುದಿಲ್ಲ, ಒಂದೊಂದಾಗಿ ಚೇಂಬರ್‌ಗೆ ಇಡಬೇಕಾಗುತ್ತದೆ. ಫ್ಯಾಕ್ಟರಿ ತೋಟಾಗಳು 2.26 ಇಂಚಿನ ಮಿತಿಯೊಳಗೇ ಇರುತ್ತವೆ.

ಲಾಟ್ ಸಂಖ್ಯೆ

ತೋಟಾ ಗೊತ್ತಾದ ಮೇಲೆ ಪೆಟ್ಟಿಗೆಯ ಮಡಿಕೆಯ ಮೇಲೆ ಅಚ್ಚಾಗಿರುವ ಲಾಟ್ ಸಂಖ್ಯೆಯನ್ನು ಬರೆದುಕೊಳ್ಳಿ, ಆಗುವುದಾದರೆ ಒಂದು ವರ್ಷಕ್ಕೆ ಬೇಕಾದಷ್ಟನ್ನು ಅದೇ ಲಾಟ್‌ನಲ್ಲಿ ಕೊಳ್ಳಿ. ಅದೇ ಹೆಸರು, ಅದೇ ಗ್ರೇನ್ ಇದ್ದರೂ ಮುಂದಿನ ಲಾಟ್‌ಗೆ ಮದ್ದಿನ ಬೇರೆ ತಂಡ ಬಂದಿರಬಹುದು. .22 ರೈಫಲ್‌ನಲ್ಲಿ 50 ಮೀಟರ್ ಒಲಿಂಪಿಕ್ ಸ್ಪರ್ಧೆ ಆಡುವವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂದರೆ, ಲಾಪುವಾ ಕಂಪನಿಯು ಜರ್ಮನಿಯ ಶೋನೆಬೆಕ್‌ನಲ್ಲೂ ಅರಿಝೋನಾದ ಮೆಸಾದಲ್ಲೂ ನಡೆಸುವ ಪರೀಕ್ಷಾ ಕೇಂದ್ರಗಳಿಗೆ ರೈಫಲ್ ಒಯ್ದು, ಲಾಟ್ ಮೇಲೆ ಲಾಟ್ ಹೊಡೆಸಿ ನೋಡಿ, ಒಪ್ಪಿದ್ದನ್ನು ಮಾತ್ರ ಕೊಳ್ಳುತ್ತಾರೆ. ನಮಗೆ ಅಷ್ಟು ಬೇಡ. ಹೊಸ ಲಾಟ್‌ನ ಒಂದು ಪೆಟ್ಟಿಗೆ ತಂದು, ಐದು ಈಡಿನಿಂದ ನಳಿಗೆಯನ್ನು ಒಗ್ಗಿಸಿ, ಹತ್ತು ಈಡನ್ನು ಹಳೆಯ ಪುಟದ ಪಕ್ಕದಲ್ಲೇ ದಾಖಲಿಸಿದರೆ ಸಾಕು.

ನನ್ನ ಪುಸ್ತಕದಲ್ಲಿ ಈಗ ತೆರೆದಿರುವ ಪುಟ ಆ ಎರಡನೆಯ ತೋಟಾದ ಹೊಸ ಲಾಟ್‌ನದು. ಹತ್ತು ಈಡಿನ ಸರಾಸರಿ ತ್ರಿಜ್ಯ 0.51 ಇಂಚು ಬಂದಿದೆ, ಹಳೆಯದಕ್ಕೆ 0.45 ಇತ್ತು, ಅಂತರ ಕಾಲು ಭಾಗಕ್ಕಿಂತ ಕಡಿಮೆ. ಇನ್ನೂ ಹತ್ತು ಹೊಡೆದ ಮೇಲೆ ತರಿಸಬೇಕೋ ಬೇಡವೋ ನೋಡೋಣ ಎಂದು ಅದರ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.